ಮನೆಗೆ ಬರುವ ಕಾರ್ಯಕರ್ತೆಗೆ ಬಾಗಿಲು ತೆರೆಯಬೇಕೇ?

ಪ್ರಶ್ನೆ: ನನ್ನ ತಮ್ಮ, ಅವನ ಹೆಂಡತಿ ಮತ್ತು ಅವರ ಎಂಟು ವರ್ಷದ ಮಗಳಿಗೆ ಎಚ್‌ಐವಿ ಸೋಂಕು ಇರುವುದು ಹನ್ನೊಂದು ತಿಂಗಳ ಹಿಂದೆ ಗೊತ್ತಾಯಿತು. ಮಗುವಿಗೆ ಮೇಲಿಂದ ಮೇಲೆ ನ್ಯುಮೋನಿಯಾ ಆಗುತ್ತಿದ್ದುದರಿಂದ ವೈದ್ಯರು ರಕ್ತಪರೀಕ್ಷೆ ಮಾಡಿಸಿದ್ದರು. ಆಮೇಲೆ ತಂದೆ ತಾಯಿಗೂ ಪರೀಕ್ಷೆಯಾಯಿತು. ಮೂರು ವರ್ಷದ ಮಗನಿಗೆ ಸೋಂಕಿಲ್ಲವಂತೆ. ಅವನು ಹೊಟ್ಟೆಯಲ್ಲಿದ್ದಾಗ ತಾಯಿಗೆ ಈ ಪರೀಕ್ಷೆಯನ್ನೇ ಮಾಡಿರಲಿಲ್ಲ, ಹಾಗಿರುವಾಗ ಅವನೊಬ್ಬನೇ ಹೇಗೆ ಪಾರಾದ ಎಂಬುದು ನಮಗೆ ಅರ್ಥವಾಗಿಲ್ಲ. ಮೂವರೂ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಮೈ ಚೇತರಿಸಿಕೊಂಡಿದೆ. ಆದರೆ ತಮ್ಮನ ಹೆಂಡತಿ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದಾಳೆ. ರಾತ್ರಿ ನಿದ್ದೆಯಿಲ್ಲ. ಕಳೆದ ತಿಂಗಳು ಐದಾರು ದಿನ ಮಾತ್ರೆ ನುಂಗಲಿಲ್ಲ ಎಂದು ನನಗೊಬ್ಬಳಿಗೆ ಹೇಳಿದ್ದಾಳೆ. ನಮ್ಮ ತಾಯಿ ಅವರ ತಟ್ಟೆ ಲೋಟ ಬೇರೆ ಮಾಡಿದ್ದಾರೆ. ಮಗಳಿಗೆ ಅದು ಶಕ್ತಿಯ ಮಾತ್ರೆ ಎಂದು ಹೇಳಿದ್ದಾರೆ; ಈಗ ಅವಳು "ತಮ್ಮನಿಗೆ ಯಾಕಿಲ್ಲ?" ಎಂದು ಕೇಳುತ್ತಾಳೆ. ಒಂದು ಸ್ವಯಂಸೇವಾ ಸಂಸ್ಥೆಯವರು ಹದಿನೈದು ದಿನಕ್ಕೊಮ್ಮೆ ಮನೆಗೆ ಕಾರ್ಯಕರ್ತೆಯನ್ನು ಕಳಿಸುತ್ತೇವೆ, ತಿಂಗಳಿಗೊಮ್ಮೆ ಬೆಂಬಲ ಗುಂಪಿನ ಸಭೆಗೆ ಬನ್ನಿ ಎನ್ನುತ್ತಿದ್ದಾರೆ. "ಮಾತ್ರೆ ಸಿಗುತ್ತಿದೆ, ಅಷ್ಟು ಸಾಕು. ಮನೆಗೆ ಯಾರಾದರೂ ಬಂದರೆ ಅಕ್ಕಪಕ್ಕದವರಿಗೆಲ್ಲ ಗೊತ್ತಾಗುತ್ತದೆ" ಎಂದು ತಮ್ಮ ಬೇಡವೆನ್ನುತ್ತಾನೆ. ಅಂಥವರ ಜೊತೆ ಸೇರಿದರೆ ಕಾಯಿಲೆ ಹೆಚ್ಚುತ್ತದೆ ಎಂಬುದು ತಾಯಿಯ ಭಯ. ಅವನನ್ನು ಒಪ್ಪಿಸಬೇಕೇ, ಸುಮ್ಮನಿರಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿದ್ದರೂ ಎಲ್ಲದರ ಹಿಂದೆ ಇರುವುದು ಒಂದೇ ಆತಂಕ. ಸಹಾಯ ಬೇಕು, ಆದರೆ ಸಹಾಯ ಪಡೆಯುವ ಕ್ರಿಯೆಯೇ ಗುಟ್ಟನ್ನು ಹೊರಹಾಕಿಬಿಟ್ಟರೆ ಏನು ಗತಿ? ಈ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವವರನ್ನು ನಾನು ಬಹಳ ಕಂಡಿದ್ದೇನೆ, ವೃತ್ತಿಯ ಆರಂಭದ ವರ್ಷಗಳಲ್ಲಿ ನಾನೂ ಅವರಲ್ಲೊಬ್ಬನಾಗಿದ್ದೆ. ಆಗ ನಮ್ಮ ತಂಡ ಒಂದು ಮನೆಗೆ ಭೇಟಿ ಕೊಟ್ಟಿತು. ವಾಹನದ ಬಾಗಿಲಿನ ಮೇಲೆ ಯೋಜನೆಯ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು, ಜೊತೆಗೆ ಏಡ್ಸ್ ಜಾಗೃತಿಯ ಗುರುತಾದ ಕೆಂಪು ರಿಬ್ಬನ್ನಿನ ಚಿತ್ರ. ನಾವು ಒಳಗಿದ್ದದ್ದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಆ ಮನೆಯವರು ನಾಲ್ಕು ವರ್ಷ ಕಾಪಾಡಿಕೊಂಡಿದ್ದ ಗೋಪ್ಯತೆ ಮುಗಿದುಹೋಯಿತು, ಎರಡು ತಿಂಗಳಲ್ಲಿ ಅವರು ಬಾಡಿಗೆ ಮನೆ ಬಿಡಬೇಕಾಯಿತು. ಆದ್ದರಿಂದ ಮೊದಲು ನಿಮ್ಮ ತಮ್ಮನ ಪರವಾಗಿ ಒಂದು ಮಾತು: ಅವರು ಕೇಳುತ್ತಿರುವುದು ಸರಿಯಾದ ಪ್ರಶ್ನೆ. ಅದಕ್ಕೆ ಸಂಸ್ಥೆಯವರು ಸಮಾಧಾನಕರ ಉತ್ತರ ಕೊಡಲಾಗದಿದ್ದರೆ ಅವರನ್ನು ಮನೆಗೆ ಬಿಟ್ಟುಕೊಳ್ಳಬಾರದು. ಕೊಡಬಲ್ಲರಾದರೆ, ಆ ಸಹಾಯವನ್ನು ಕಳೆದುಕೊಳ್ಳುವುದು ನಿಮ್ಮ ಕುಟುಂಬದ ಈಗಿನ ಸ್ಥಿತಿಯಲ್ಲಿ ಜಾಣತನವಲ್ಲ.

ಅದೇಕೆ ಎಂಬುದನ್ನು ಹೇಳಬೇಕಾದರೆ "ಮಾತ್ರೆ ಸಿಗುತ್ತಿದೆ, ಅಷ್ಟು ಸಾಕು" ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ. ಮಾತ್ರೆಯ ಮಟ್ಟಿಗೆ ಅವರ ವಿಶ್ವಾಸ ಪೂರ್ತಿ ಸಮರ್ಥನೀಯ. 1996ರ ನಂತರ ಬಂದ ಸಂಯುಕ್ತ ಔಷಧಿಗಳು ಈ ರೋಗದ ಚರಿತ್ರೆಯನ್ನೇ ಬದಲಿಸಿದವು. ಸೋಂಕು ಪತ್ತೆಯಾದ ಎಲ್ಲರಿಗೂ, ಸಿಡಿ4 ಎಣಿಕೆ (ರಕ್ತದಲ್ಲಿರುವ ರೋಗನಿರೋಧಕ ಕಣಗಳ ಲೆಕ್ಕ) ಎಷ್ಟೇ ಇರಲಿ, ತಡಮಾಡದೆ ಚಿಕಿತ್ಸೆ ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಸಕಾಲದಲ್ಲಿ ಚಿಕಿತ್ಸೆ ಆರಂಭಿಸಿ ತಪ್ಪದೆ ಮುಂದುವರಿಸಿದವರು ಹೆಚ್ಚುಕಡಿಮೆ ಉಳಿದೆಲ್ಲರಷ್ಟೇ ಕಾಲ ಬದುಕುವ ನಿರೀಕ್ಷೆ ಇಟ್ಟುಕೊಳ್ಳಬಹುದು. ಇಷ್ಟೆಲ್ಲ ನಿಂತಿರುವುದು ಪ್ರತಿದಿನ ನುಂಗುವ ಮಾತ್ರೆಯ ಮೇಲೆ. ಚಿಕಿತ್ಸಾ ಕೇಂದ್ರದಲ್ಲಿ ವೈದ್ಯರ ಮುಂದೆ ಒಬ್ಬ ರೋಗಿ ಕಳೆಯುವ ಸಮಯವನ್ನು ವರ್ಷಕ್ಕೆ ಲೆಕ್ಕ ಹಾಕಿದರೆ ಬಹುಪಾಲು ಕಡೆ ಒಂದೆರಡು ಗಂಟೆಯೂ ಆಗುವುದಿಲ್ಲ. ಉಳಿದ ದಿನಗಳಲ್ಲಿ ಮಾತ್ರೆ ಹೊಟ್ಟೆಗೆ ಹೋಗುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಮನೆಯ ವಾತಾವರಣ, ನಿದ್ದೆ, ಜಗಳ, ಅತ್ತೆಯ ಒಂದು ನೋಟ, ನೆಂಟರು ಬಂದಾಗ ಡಬ್ಬಿಯನ್ನು ಎಲ್ಲಿ ಬಚ್ಚಿಡುವುದು ಎಂಬ ಗಾಬರಿ. ನಿಮ್ಮ ತಮ್ಮನ ಹೆಂಡತಿ ಆ ಐದಾರು ದಿನಗಳ ವಿಷಯವನ್ನು ವೈದ್ಯರಿಗೆ ಹೇಳದೆ ನಿಮಗೆ ಹೇಳಿದ್ದನ್ನೇ ನೋಡಿ. ಸಮುದಾಯ ಆಧಾರಿತ ಆರೈಕೆ ಎಂದು ನಾವು ಕರೆಯುವುದು ಬೇರೇನನ್ನೂ ಅಲ್ಲ. ಆಸ್ಪತ್ರೆಯಲ್ಲಿ ಹೊರಬಾರದ ಮಾತು ಹೊರಬರಲು ಒಂದು ಜಾಗ, ಆ ಮಾತು ಸರಿಯಾದ ಕಿವಿಗೆ ಸಮಯಕ್ಕೆ ತಲುಪಲು ಒಂದು ದಾರಿ.

ಮನೆಗೆ ಬರುವ ಕಾರ್ಯಕರ್ತೆ ಎಂದರೆ ಸಾವು ಹತ್ತಿರ ಬಂದವರಿಗೆ ಮಾತ್ರ ಎಂಬ ಅಳುಕು ಇನ್ನೂ ಜನರಲ್ಲಿದೆ. ಅದಕ್ಕೆ ಕಾರಣವೂ ಇದೆ. 1987ರಲ್ಲಿ ಉಗಾಂಡಾದಲ್ಲಿ, ಅದೇ ವರ್ಷದ ಆರಂಭದಲ್ಲಿ ಏಡ್ಸ್‌ನಿಂದ ಪತಿಯನ್ನು ಕಳೆದುಕೊಂಡ ನೋರೀನ್ ಕಲೀಬಾ ತಮ್ಮಂತೆಯೇ ನೊಂದಿದ್ದ ಕೆಲವರನ್ನು ಸೇರಿಸಿ ಟಾಸೊ ಎಂಬ ಸಂಸ್ಥೆಯನ್ನು ಕಟ್ಟಿದಾಗ ಅಲ್ಲಿ ಕೊಡಲು ಔಷಧಿಯೇ ಇರಲಿಲ್ಲ. ಹುಣ್ಣು ತೊಳೆಯುವುದು, ಜ್ವರ ಇಳಿಸುವುದು, ಪಕ್ಕದಲ್ಲಿ ಕುಳಿತು ಕೈ ಹಿಡಿಯುವುದು, ಇಷ್ಟೇ ಸಾಧ್ಯವಿತ್ತು. ಅದೇ ಹೊತ್ತಿಗೆ ಜಾಂಬಿಯಾದ ಚಿಕನ್‌ಕಾಟಾ ಎಂಬ ಕಡೆಯ ಆಸ್ಪತ್ರೆಯೂ ಮನೆಮನೆಗೆ ತಂಡಗಳನ್ನು ಕಳಿಸತೊಡಗಿತ್ತು. ಔಷಧಿ ಬಂದ ಮೇಲೆ ಇದೇ ಜಾಲ ಬೇರೆ ಕೆಲಸಕ್ಕೆ ತಿರುಗಿತು. ಉಗಾಂಡಾದ ಜಿಂಜಾ ಪ್ರದೇಶದಲ್ಲಿ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಬೈಕಿನಲ್ಲಿ ಮನೆಗಳಿಗೆ ಹೋಗಿ ಮಾತ್ರೆ ಕೊಟ್ಟು, ಸಿದ್ಧಪಡಿಸಿದ ಪ್ರಶ್ನೆಗಳನ್ನು ಕೇಳಿ, ಅಪಾಯದ ಲಕ್ಷಣ ಕಂಡವರನ್ನು ಆಸ್ಪತ್ರೆಗೆ ಕಳಿಸುವ ಪದ್ಧತಿಯನ್ನು ಆಸ್ಪತ್ರೆಯಲ್ಲೇ ನಡೆಯುವ ಚಿಕಿತ್ಸೆಯೊಡನೆ ಹೋಲಿಸಿ ನೋಡಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎರಡೂ ಗುಂಪುಗಳಲ್ಲಿ ವೈರಾಣು ಹತೋಟಿಗೆ ಬಂದ ಪ್ರಮಾಣ ಸರಿಸುಮಾರು ಒಂದೇ ಆಗಿತ್ತು. ಮೊಜಾಂಬಿಕ್‌ನ ಟೇಟೆ ಪ್ರಾಂತ್ಯದಲ್ಲಿ 2008ರಿಂದ ರೋಗಿಗಳೇ ಆರು ಜನರವರೆಗಿನ ಗುಂಪು ಕಟ್ಟಿಕೊಂಡು, ಸರದಿಯಂತೆ ಒಬ್ಬರು ಆಸ್ಪತ್ರೆಗೆ ಹೋಗಿ ಎಲ್ಲರ ಮಾತ್ರೆಯನ್ನೂ ತರುವ ಏರ್ಪಾಡು ಮಾಡಿಕೊಂಡರು. ಈ ಎರಡು ಉದಾಹರಣೆಗಳಿಗೂ ಸಾಯುವವರ ಆರೈಕೆಗೂ ಸಂಬಂಧವಿಲ್ಲ. ಇಲ್ಲಿರುವುದು ದುಡಿಯುವವರ, ಮಕ್ಕಳನ್ನು ಸಾಕುವವರ ಅನುಕೂಲದ ಲೆಕ್ಕಾಚಾರ.

ಇನ್ನು ನಿಮ್ಮ ತಾಯಿಯವರ ಭಯಗಳು. ತಟ್ಟೆ, ಲೋಟ, ಬಚ್ಚಲು, ಒಂದೇ ಹಾಸಿಗೆ, ಮುದ್ದು, ಕೆಮ್ಮು, ಸೊಳ್ಳೆ, ಇವುಗಳಿಂದ ಎಚ್‌ಐವಿ ಹರಡುವುದಿಲ್ಲ. ಅದು ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಗರ್ಭ, ಹೆರಿಗೆ ಮತ್ತು ಎದೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ. ಇದನ್ನು ಅವರು ಈಗಾಗಲೇ ಕೇಳಿರುತ್ತಾರೆ, ಕೇಳಿಯೂ ಲೋಟ ಬೇರೆ ಇಟ್ಟಿದ್ದಾರೆ. ನನ್ನ ಅನುಭವದಲ್ಲಿ ಹಿರಿಯರು ಮಾಹಿತಿಯಿಂದ ಬದಲಾಗುವುದು ಅಪರೂಪ. ತಾವು ಗೌರವಿಸುವ ಯಾರೋ ಒಬ್ಬರು ಅದೇ ಮನೆಯಲ್ಲಿ, ಅದೇ ಲೋಟದಲ್ಲಿ ನೀರು ಕುಡಿಯುವುದನ್ನು ಕಣ್ಣಾರೆ ಕಂಡಾಗ ಬದಲಾಗುತ್ತಾರೆ. ಮನೆ ಭೇಟಿಗೆ ಬರುವ ಒಳ್ಳೆಯ ಕಾರ್ಯಕರ್ತೆ ಮೊದಲ ದಿನ ಮಾಡುವ ಕೆಲಸವೇ ಇದು, ಅದಕ್ಕೆ ಭಾಷಣ ಬೇಕಾಗುವುದಿಲ್ಲ. ನೀವೂ ಮಾಡಬಹುದು.

ಚಿಕಿತ್ಸೆಯಲ್ಲಿರುವವರ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೇಳಬಹುದು. ದಂಪತಿಗಳಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದು ಅವರ ರಕ್ತದಲ್ಲಿ ವೈರಾಣು ಹತೋಟಿಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಯುರೋಪಿನ ಪಾರ್ಟ್‌ನರ್ ಅಧ್ಯಯನ ವರ್ಷಗಟ್ಟಲೆ ಗಮನಿಸಿತು. 2016ರಲ್ಲಿ ಅದು ಪ್ರಕಟವಾದಾಗ, ಕಾಂಡೋಮ್ ಇಲ್ಲದ ಸುಮಾರು 58,000 ಸಂಪರ್ಕಗಳಲ್ಲಿ ಸಂಗಾತಿಯಿಂದ ಸಂಗಾತಿಗೆ ಸೋಂಕು ದಾಟಿದ ಒಂದೂ ನಿದರ್ಶನ ಸಿಕ್ಕಿರಲಿಲ್ಲ. ಪತ್ತೆಯಾಗದ ಮಟ್ಟಕ್ಕೆ ಇಳಿದ ವೈರಾಣು ಲೈಂಗಿಕವಾಗಿ ಹರಡುವುದಿಲ್ಲ ಎಂಬುದು ಇಂದು ವೈದ್ಯಲೋಕ ಒಪ್ಪಿಕೊಂಡ ಸತ್ಯ. ಎದೆಹಾಲಿಗೆ ಮಾತ್ರ ಇದೇ ಖಚಿತತೆಯಿಂದ ಅನ್ವಯಿಸುವುದಿಲ್ಲ. ಅಲ್ಲಿ ಅಪಾಯ ಬಹಳ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಹಾಸಿಗೆಯನ್ನು ಹಂಚಿಕೊಂಡವರಿಗೇ ಅಂಟದ್ದು ಲೋಟವನ್ನು ಹಂಚಿಕೊಂಡವರಿಗೆ ಅಂಟೀತೇ ಎಂದು ತಾಯಿಯವರ ಮುಂದೆ ಕೇಳಲು ನಿಮಗೆ ಸಂಕೋಚವಾಗಬಹುದು, ಕಾರ್ಯಕರ್ತೆಗೆ ಆಗುವುದಿಲ್ಲ.

ಗುಂಪಿಗೆ ಹೋದರೆ ಕಾಯಿಲೆ ಹೆಚ್ಚುತ್ತದೆ ಎಂಬ ಮಾತು ಆ ರೂಪದಲ್ಲಿ ಸುಳ್ಳು. ಸೋಂಕಿತರು ಒಟ್ಟಿಗೆ ಕೂತು ಮಾತನಾಡಿದ ಮಾತ್ರಕ್ಕೆ ಒಬ್ಬರ ವೈರಾಣು ಇನ್ನೊಬ್ಬರಿಗೆ ಸೇರುವುದಿಲ್ಲ. ಆದರೆ ಆ ಭಯದ ಒಳಗೆ ನಿಜವಾದ ಒಂದು ಅಂಶ ಅಡಗಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಎಚ್‌ಐವಿಯೊಂದಿಗೆ ಬದುಕುವವರ ಸಾವಿಗೆ ಜಗತ್ತಿನಾದ್ಯಂತ ಮೊದಲ ಕಾರಣ ಕ್ಷಯರೋಗ. ಅದು ಗಾಳಿಯ ಮೂಲಕ ಹರಡುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಮೂವತ್ತು ಜನರನ್ನು ಕೂರಿಸಿ, ಕೆಮ್ಮುವವರನ್ನು ಕೇಳದೆ ಸಭೆ ನಡೆಸುವ ಸಂಸ್ಥೆಯ ಬಗ್ಗೆ ನನಗೂ ಭಯವೇ. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು, ಈ ನಾಲ್ಕನ್ನು ಪ್ರತಿ ಭೇಟಿಯಲ್ಲೂ ವಿಚಾರಿಸಬೇಕು. ಮಕ್ಕಳಲ್ಲಾದರೆ ತೂಕ ಏರದಿರುವುದನ್ನೂ, ಮನೆಯಲ್ಲಿ ಯಾರಿಗಾದರೂ ಕ್ಷಯವಿದೆಯೇ ಎಂಬುದನ್ನೂ ಸೇರಿಸಿಕೊಳ್ಳಬೇಕು. ಯಾವ ಲಕ್ಷಣವೂ ಇಲ್ಲದವರಿಗೆ ಕ್ಷಯ ಬರದಂತೆ ತಡೆಯುವ ಮಾತ್ರೆಗಳ ಕ್ರಮವೂ ಇದೆ. ನಿಮ್ಮವರಿಗೆ ಅದನ್ನು ಕೊಟ್ಟಿದ್ದಾರೆಯೇ ಎಂದು ಕೇಂದ್ರದಲ್ಲಿ ಕೇಳಿ.

ಚಿಕ್ಕವನು ಹೇಗೆ ಪಾರಾದ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಸರಳ. ತಾಯಿ ಯಾವ ಚಿಕಿತ್ಸೆಯನ್ನೂ ಪಡೆಯದಿದ್ದಾಗಲೂ ಮಗುವಿಗೆ ಸೋಂಕು ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45. ಅಂದರೆ ದಾಟದೆ ಉಳಿಯುವ ಮಕ್ಕಳೇ ಹೆಚ್ಚು. ಚಿಕಿತ್ಸೆಯಿದ್ದರೆ ಇದು 5ಕ್ಕಿಂತ ಕೆಳಗಿಳಿಯುತ್ತದೆ. ಹದಿನೆಂಟು ತಿಂಗಳು ದಾಟಿದ, ಎದೆಹಾಲು ಬಿಟ್ಟು ಕನಿಷ್ಠ ಮೂರು ತಿಂಗಳಾದ ಮಗುವಿನಲ್ಲಿ ಮಾಡಿದ ಪರೀಕ್ಷೆ ನಂಬಲರ್ಹ, ಅದಕ್ಕಿಂತ ಮುಂಚೆ ತಾಯಿಯ ಪ್ರತಿಕಾಯಗಳೇ (ಸೋಂಕಿನ ವಿರುದ್ಧ ದೇಹ ತಯಾರಿಸುವ ಅಂಶಗಳು) ಮಗುವಿನ ರಕ್ತದಲ್ಲಿ ಕಾಣಿಸಿಕೊಂಡು ದಾರಿ ತಪ್ಪಿಸುತ್ತವೆ. ಅವನ ಪರೀಕ್ಷೆ ಈ ಅಂತರ ಕಳೆದ ಮೇಲೆ ಆದದ್ದೇ ಎಂದು ಒಮ್ಮೆ ಖಚಿತಪಡಿಸಿಕೊಳ್ಳಿ. ಆಗಿದ್ದರೆ ಅವನ ಬಗ್ಗೆ ಚಿಂತೆ ಬಿಡಿ. ಮಗಳ ವಿಷಯದಲ್ಲಿ ಆಶ್ಚರ್ಯಪಡಬೇಕಾದ್ದು ಬೇರೆ. ಹುಟ್ಟಿನಿಂದ ಸೋಂಕು ಪಡೆದು ಚಿಕಿತ್ಸೆಯಿಲ್ಲದೆ ಉಳಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತವೆ. ಈ ಹುಡುಗಿ ಏಳು ವರ್ಷ ತಾನೇ ಹೋರಾಡಿದ್ದಾಳೆ.

ಈಗ ಎಲ್ಲಕ್ಕಿಂತ ತುರ್ತಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರವನ್ನು ಎರಡನೆಯ ಸಲ ಓದಿದಾಗ ನನಗೆ ಹೆಚ್ಚು ಕಳವಳ ತಂದದ್ದು ಮನೆ ಭೇಟಿಯ ಪ್ರಶ್ನೆಯಲ್ಲ, ತಮ್ಮನ ಹೆಂಡತಿಯ ಬಗ್ಗೆ ನೀವು ಬರೆದಿರುವ ಮೂರು ಸಾಲು. ಹೊರಗೆ ಬಾರದಿರುವುದು, ನಿದ್ದೆಯಿಲ್ಲದಿರುವುದು, ಮಾತ್ರೆ ಬಿಟ್ಟದ್ದು, ಇವು ಮೂರೂ ಸೇರಿದರೆ ಅದು ಖಿನ್ನತೆಯಾಗಿರುವ ಸಾಧ್ಯತೆ ಬಲವಾಗಿದೆ. ಸೋಂಕು ಪತ್ತೆಯಾದ ಮೊದಲ ವರ್ಷ ಇದು ಅಪರೂಪವೇನಲ್ಲ. ತನ್ನಿಂದ ಮಗಳಿಗೆ ಬಂತಲ್ಲ ಎಂಬ ಪಾಪಪ್ರಜ್ಞೆ ತಾಯಂದಿರನ್ನು ಒಳಗಿನಿಂದ ತಿನ್ನುತ್ತದೆ. "ಯಾರಿಂದ ಬಂತು" ಎಂಬ ಪ್ರಶ್ನೆ ಆ ಮನೆಯಲ್ಲಿ ಎದ್ದಿರದೆ ಇರಲು ಸಾಧ್ಯವಿಲ್ಲ, ಅದರ ಭಾರ ಸಾಮಾನ್ಯವಾಗಿ ಬೀಳುವುದು ಹೆಂಗಸಿನ ಮೇಲೆ. ಯಾರಿಗೆ ಮೊದಲು ಪರೀಕ್ಷೆಯಾಯಿತು ಎಂಬುದರಿಂದ ಯಾರಿಗೆ ಮೊದಲು ಸೋಂಕು ಬಂತೆಂದು ಹೇಳಲು ಬರುವುದಿಲ್ಲ. ಮನೆಯಲ್ಲಿ ಆ ಪ್ರಶ್ನೆ ಏಳುವಾಗಲೆಲ್ಲ ಇದನ್ನು ಹೇಳಿ, ತಾಯಿಯವರಿಗೂ.

ಇದರಲ್ಲಿ ಔಷಧಿಯ ಪಾತ್ರವೂ ಇರಬಹುದು. 2019ರಿಂದ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆಯ್ಕೆಯಾಗಿ ಸೂಚಿಸಿರುವ ಡೊಲುಟೆಗ್ರವಿರ್ ಒಳ್ಳೆಯ ಔಷಧಿ, ಬಹುತೇಕರಿಗೆ ಒಗ್ಗುತ್ತದೆ. ಆದರೆ ಕೆಲವರಿಗೆ ನಿದ್ದೆ ಕೆಡಿಸುತ್ತದೆ, ಕೆಲವರ ಮನಸ್ಸನ್ನು ಕುಗ್ಗಿಸುತ್ತದೆ. ಹಳೆಯ ಎಫಾವಿರೆಂಜ್‌ನಲ್ಲಿ ಕೆಟ್ಟ ಕನಸು, ತಲೆಸುತ್ತು ಇನ್ನೂ ಹೆಚ್ಚು. ಎಷ್ಟೋ ಸಲ ರಾತ್ರಿಯ ಮಾತ್ರೆಯನ್ನು ಬೆಳಗ್ಗೆಗೆ ಬದಲಿಸುವುದರಿಂದಲೇ ನಿದ್ದೆ ಮರಳುತ್ತದೆ, ಆದರೆ ಅದನ್ನು ವೈದ್ಯರನ್ನು ಕೇಳಿಯೇ ಮಾಡಬೇಕು. ಇನ್ನೊಂದು ಸಣ್ಣ ವಿಷಯ, ಯಾರೂ ಹೇಳದೆ ಬಿಡುವಂಥದ್ದು: ಕಬ್ಬಿಣಾಂಶದ ಮಾತ್ರೆಯನ್ನೋ ಕ್ಯಾಲ್ಸಿಯಂ ಮಾತ್ರೆಯನ್ನೋ ಡೊಲುಟೆಗ್ರವಿರ್ ಜೊತೆಯಲ್ಲಿ ಖಾಲಿ ಹೊಟ್ಟೆಗೆ ತೆಗೆದುಕೊಂಡರೆ, ಎದೆಯುರಿಗೆ ಕುಡಿಯುವ ಔಷಧಿಯನ್ನಾದರೆ ಊಟದೊಂದಿಗೂ ಅದರ ಜೊತೆಯಲ್ಲಿ ತೆಗೆದುಕೊಂಡರೆ, ಡೊಲುಟೆಗ್ರವಿರ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಅವಳು ಬೇರೇನು ಮಾತ್ರೆ ನುಂಗುತ್ತಿದ್ದಾಳೆ ಎಂದು ಕೇಳಿ.

ಬಿಟ್ಟ ದಿನಗಳ ಬಗ್ಗೆ ಗದರಬೇಡಿ. ಗದರಿದರೆ ಮುಂದಿನ ಸಲ ನಿಮಗೂ ಹೇಳುವುದಿಲ್ಲ. ಬಿಟ್ಟುಹೋದ ಮಾತ್ರೆಗಳನ್ನು ಸೇರಿಸಿ ಒಟ್ಟಿಗೆ ನುಂಗುವುದು ಬೇಡ. ಎಂದಿನ ಪ್ರಮಾಣದಲ್ಲಿ ಮುಂದುವರಿಸಲಿ, ಕೇಂದ್ರದ ಆಪ್ತಸಮಾಲೋಚಕರಿಗೆ ಈ ವಾರವೇ ತಿಳಿಸಲಿ. ಅವಳೇ ಹೇಳುವುದು ಒಳ್ಳೆಯದು, ನೀವು ಜೊತೆಯಲ್ಲಿ ಹೋಗಬಹುದು. ಅವಳ ಒಪ್ಪಿಗೆಯಿಲ್ಲದೆ ನೀವು ತಮ್ಮನಿಗೋ ವೈದ್ಯರಿಗೋ ಹೇಳಿದರೆ ಅವಳಿಗೆ ಉಳಿದಿದ್ದ ಒಂದೇ ಕಿಟಕಿಯನ್ನೂ ಮುಚ್ಚಿದಂತಾಗುತ್ತದೆ. ಒಂದು ಸಂದರ್ಭದಲ್ಲಿ ಮಾತ್ರ ಈ ನಿಯಮ ಮುರಿಯಬಹುದು, ಮುರಿಯಲೇಬೇಕು: ಬದುಕು ಬೇಡವೆಂಬ ಮಾತು ಅವಳ ಬಾಯಿಂದ ಬಂದರೆ. ಹಾಗೆ ಅನ್ನಿಸಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವಳನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ.

ಮನೆ ಭೇಟಿಯ ಪ್ರಶ್ನೆಗೆ ಹಿಂದಿರುಗೋಣ. ನಿಮ್ಮ ತಮ್ಮನ ಮುಂದೆ ಈಗ ಇರುವುದು ಹೌದು ಅಥವಾ ಇಲ್ಲ ಎಂಬ ಎರಡೇ ಆಯ್ಕೆ ಎಂದು ಅವರು ಭಾವಿಸಿದಂತಿದೆ, ಸಂಸ್ಥೆಯವರೂ ಹಾಗೆಯೇ ಮುಂದಿಟ್ಟಿರಬಹುದು. ನಡುವೆ ಬಹಳ ಜಾಗವಿದೆ. ಕಾರ್ಯಕರ್ತೆ ಮನೆಗೇ ಬರಬೇಕೆಂದಿಲ್ಲ. ಚಿಕಿತ್ಸಾ ಕೇಂದ್ರಕ್ಕೆ ಮಾತ್ರೆ ತರಲು ಹೋದ ದಿನವೇ ಅಲ್ಲೇ ಒಂದು ಕೋಣೆಯಲ್ಲಿ ಅರ್ಧ ಗಂಟೆ ಸಿಗಬಹುದು. ನಿಮ್ಮ ಮನೆಯಲ್ಲಿ ಸಿಗಬಹುದು. ಫೋನಿನಲ್ಲಿ ಮಾತನಾಡಬಹುದು, ಅದಕ್ಕೆ ಕರೆ ಮಾಡುವ ಹೊತ್ತು ಮತ್ತು ಬೇರೆಯವರು ಫೋನ್ ಎತ್ತಿಕೊಂಡರೆ ಏನು ಹೇಳಬೇಕೆಂಬುದು ಮುಂಚೆಯೇ ಗೊತ್ತುಮಾಡಿಕೊಂಡಿರಬೇಕು. ಮನೆಗೇ ಬರುವುದಾದರೆ ಗುರುತಿನ ಚೀಟಿ ಚೀಲದೊಳಗಿರಲಿ, ಸಮವಸ್ತ್ರ, ಹೆಸರು ಬರೆದ ಚೀಲ, ವಾಹನ ಬೇಡ. ಯಾರಾದರೂ ಕೇಳಿದರೆ ಮನೆಯವರು ಮತ್ತು ಕಾರ್ಯಕರ್ತೆ ಹೇಳುವ ಉತ್ತರ ಒಂದೇ ಆಗಿರಲಿ. ಇದರಲ್ಲಿಯೂ ಅಪಾಯ ಸೊನ್ನೆಯಲ್ಲ. ಹದಿನೈದು ದಿನಕ್ಕೊಮ್ಮೆ ಬರುವ ಅಪರಿಚಿತ ಮುಖವನ್ನು ಅಕ್ಕಪಕ್ಕದವರು ಗಮನಿಸುತ್ತಾರೆ. ಆದ್ದರಿಂದ ಮೊದಲ ಮೂರು ತಿಂಗಳು ಹೊರಗೆ ಭೇಟಿಯಾಗಿ, ನಂಬಿಕೆ ಬೆಳೆದ ಮೇಲೆ ಮನೆಯ ವಿಷಯ ಯೋಚಿಸುವುದು ನನ್ನ ಸಲಹೆ.

ಸಂಸ್ಥೆಯನ್ನು ಕೇಳಬೇಕಾದ ಪ್ರಶ್ನೆಗಳನ್ನು ನಿಮ್ಮ ತಮ್ಮನೇ ಕೇಳಲಿ. ಉತ್ತರ ಕೇಳಿ ತೀರ್ಮಾನಿಸುವ ಅಧಿಕಾರ ತಮ್ಮದೆಂದು ಅನ್ನಿಸಿದಾಗ ಅರ್ಧ ವಿರೋಧ ತಾನಾಗಿ ಇಳಿಯುತ್ತದೆ. ನಮ್ಮ ಕಡತ ಎಲ್ಲಿರುತ್ತದೆ, ಅದರಲ್ಲಿ ಹೆಸರಿರುತ್ತದೆಯೋ ಸಂಖ್ಯೆಯೋ? ಬರುವ ಕಾರ್ಯಕರ್ತೆಯ ಮನೆ ನಮ್ಮ ಮನೆಗೆ ಹತ್ತಿರವಿದೆಯೇ, ಅವಳ ನೆಂಟರು ಯಾರಾದರೂ ನಮಗೆ ಗೊತ್ತೇ? ಇದೇ ಕಾರ್ಯಕರ್ತೆ ಮುಂದಿನ ವರ್ಷವೂ ಇರುತ್ತಾಳೆಯೇ ಅಥವಾ ಯೋಜನೆಯ ಹಣ ಮುಗಿದೊಡನೆ ನಿಲ್ಲುತ್ತಾಳೆಯೇ? ಅವಳಿಗೆ ಸಂಬಳ ಇದೆಯೇ? ಕೊನೆಯ ಪ್ರಶ್ನೆ ಅಪ್ರಸ್ತುತ ಎನ್ನಿಸಬಹುದು, ಆದರೆ ಅಲ್ಲ. ಈ ಕೆಲಸದ ಬಹುಭಾಗವನ್ನು ಹೊರುವವರು ಪುಡಿಗಾಸಿಗೆ ಅಥವಾ ಪುಕ್ಕಟೆಯಾಗಿ ದುಡಿಯುವ ಹೆಂಗಸರು. ಹಾಗೆ ದುಡಿಸಿಕೊಳ್ಳುವ ಕಡೆ ಅವರು ಬೇಗ ಬಿಟ್ಟುಹೋಗುತ್ತಾರೆ, ಪ್ರತಿ ಸಲ ಬದಲಾದಾಗಲೂ ನಿಮ್ಮ ಗುಟ್ಟು ಇನ್ನೊಬ್ಬರ ಪಾಲಾಗುತ್ತದೆ. ಫೋಟೊ ತೆಗೆಯುತ್ತೇವೆ, ದಾನಿಗಳಿಗೆ ತೋರಿಸಬೇಕು ಎಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಎಆರ್‌ಟಿ ನಿಲ್ಲಿಸಿ ತಮ್ಮ ಔಷಧಿಯನ್ನೋ ಪ್ರಾರ್ಥನೆಯನ್ನೋ ನೆಚ್ಚಿಕೊಳ್ಳಿ ಎಂಬ ಸೂಚನೆ ಬಂದರಂತೂ ಆ ಬಾಗಿಲಿಗೆ ಮತ್ತೆ ಹೋಗಬೇಡಿ. ಇದುವರೆಗೆ ಎಚ್‌ಐವಿಯನ್ನು ದೇಹದಿಂದ ತೊಡೆದುಹಾಕುವ, ಎಲ್ಲರಿಗೂ ಬಳಸಬಹುದಾದ ಔಷಧಿ ಯಾವ ಪದ್ಧತಿಯಲ್ಲೂ ಇಲ್ಲ.

ಬೆಂಬಲ ಗುಂಪಿನ ವಿಷಯದಲ್ಲಿ ಅವಸರ ಮಾಡಬೇಡಿ. ಖಿನ್ನತೆಯಲ್ಲಿರುವವರನ್ನು ಇಪ್ಪತ್ತು ಅಪರಿಚಿತರ ನಡುವೆ ಕೂರಿಸಿದರೆ ಅವರು ಎರಡನೆಯ ಸಲ ಬರುವುದಿಲ್ಲ. ಅದಕ್ಕಿಂತ ಮುಂಚೆ, ಇದೇ ದಾರಿಯಲ್ಲಿ ಕೆಲವು ವರ್ಷ ಮುಂದೆ ಹೋಗಿರುವ ಒಬ್ಬ ತಾಯಿಯನ್ನು, ಸಾಧ್ಯವಾದರೆ ಸೋಂಕಿರುವ ಮಗುವನ್ನು ಬೆಳೆಸುತ್ತಿರುವವರನ್ನೇ, ಅವಳಿಗೆ ಪರಿಚಯಿಸಲು ಕೇಳಿ. ನಾನು ಗಂಟೆಗಟ್ಟಲೆ ವಿವರಿಸಿದರೂ ಹುಟ್ಟದ ಧೈರ್ಯ, "ನನ್ನ ಮಗಳಿಗೀಗ ಹದಿನೇಳು" ಎಂದು ಆ ತಾಯಿ ಹೇಳಿದಾಗ ಹುಟ್ಟುವುದನ್ನು ನೋಡಿದ್ದೇನೆ. ಸೋಂಕಿತರೇ ಸೋಂಕಿತರಿಗೆ ನೆರವಾಗಬೇಕು, ತಮ್ಮ ಬಗೆಗಿನ ತೀರ್ಮಾನಗಳಲ್ಲಿ ಅವರಿಗೆ ಪಾಲಿರಬೇಕು ಎಂಬ ಬೇಡಿಕೆಯನ್ನು ಅಮೆರಿಕದ ಡೆನ್ವರ್‌ನಲ್ಲಿ ಸೇರಿದ್ದ ರೋಗಿಗಳೇ 1983ರಷ್ಟು ಹಿಂದೆ ಮುಂದಿಟ್ಟಿದ್ದರು. 1994ರ ಪ್ಯಾರಿಸ್ ಘೋಷಣೆಯಲ್ಲಿ 42 ದೇಶಗಳು ಆ ತತ್ತ್ವಕ್ಕೆ ಸಹಿ ಹಾಕಿದವು. ನಿಮ್ಮ ತಮ್ಮ ಬಹುಶಃ ಗುಂಪಿಗೆ ಎಂದೂ ಹೋಗಲಿಕ್ಕಿಲ್ಲ. ಹೋಗದಿದ್ದರೂ ಸರಿ, ಗಂಡಸರು ಬಹಳ ಸಲ ಒಬ್ಬ ಗೆಳೆಯನಲ್ಲಿ ಮಾತ್ರ ಮನಸ್ಸು ಬಿಚ್ಚುತ್ತಾರೆ.

ಏನನ್ನೂ ಒಪ್ಪದೆ ಈಗಿರುವಂತೆಯೇ ಇರುವುದೂ ಒಂದು ಆಯ್ಕೆ. ಅದರ ಅಪಾಯವನ್ನು ಮಾತ್ರ ತೂಗಿ ನೋಡಬೇಕು. ಗುಟ್ಟು ಉಳಿಯುತ್ತದೆ, ಆದರೆ ಅದನ್ನು ಕಾಯುವ ಭಾರವೆಲ್ಲ ಒಬ್ಬಳೇ ಹೆಂಗಸಿನ ಮೇಲೆ ಬೀಳುತ್ತದೆ, ಆಕೆ ಈಗಾಗಲೇ ಕುಸಿಯುತ್ತಿದ್ದಾಳೆ. ಮಾತ್ರೆ ತಪ್ಪುವುದು ಹೀಗೆಯೇ ಮುಂದುವರಿದರೆ ವೈರಾಣು ಔಷಧಿಗೆ ಮಣಿಯದಂತಾಗಬಹುದು. ಆಗ ಎರಡನೆಯ ಹಂತದ ಔಷಧಿಗಳಿಗೆ ಹೋಗಬೇಕಾಗುತ್ತದೆ, ಅವುಗಳ ಸಂಖ್ಯೆ ಕಡಿಮೆ.

ಮಗಳ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅವಳು ಕೇಳತೊಡಗಿದ್ದಾಳೆ ಎಂಬುದೇ ಹೇಳುವ ಕಾಲ ಬಂದಿದೆ ಎಂಬುದರ ಗುರುತು. ಶಾಲೆಗೆ ಹೋಗುವ ವಯಸ್ಸಿನ, ಅಂದರೆ ಸುಮಾರು ಆರರಿಂದ ಹನ್ನೆರಡರ ನಡುವಿನ ಮಕ್ಕಳಿಗೆ ಅವರ ಸೋಂಕಿನ ವಿಷಯವನ್ನು ತಿಳಿಸಬೇಕು, ಅದಕ್ಕಿಂತ ಚಿಕ್ಕವರಿಗೆ ಹಂತಹಂತವಾಗಿ ಹೇಳುತ್ತ ಬರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2011ರ ಮಾರ್ಗಸೂಚಿ ಹೇಳುತ್ತದೆ. ಹೇಳಿದ್ದರಿಂದ ಮಕ್ಕಳು ಕುಗ್ಗಿಹೋಗುತ್ತಾರೆ ಎಂಬ ಭಯ ಅನುಭವದಲ್ಲಿ ನಿಜವಾಗುವುದು ಕಡಿಮೆ. ಶಕ್ತಿಯ ಮಾತ್ರೆ ಎಂಬ ಸುಳ್ಳಿನ ತೊಂದರೆ ಏನೆಂದರೆ, ಮೈಯಲ್ಲಿ ಶಕ್ತಿ ಬಂದ ದಿನ ಮಗು ಅದನ್ನು ಬಿಡುತ್ತದೆ, ನ್ಯಾಯವಾಗಿಯೇ ಬಿಡುತ್ತದೆ. ಮೊದಲ ಹಂತದಲ್ಲಿ ರೋಗದ ಹೆಸರು ಬೇಕಾಗಿಲ್ಲ. "ನಿನ್ನ ರಕ್ತದಲ್ಲಿ ಒಂದು ರೋಗಾಣು ಇದೆ, ಈ ಮಾತ್ರೆ ಅದನ್ನು ಮಲಗಿಸಿ ಇಡುತ್ತದೆ, ಬಿಡುತ್ತ ಹೋದರೆ ಅದು ಏಳುತ್ತದೆ, ಆಗ ಮತ್ತೆ ಜ್ವರ ಬರಬಹುದು, ತಮ್ಮನ ರಕ್ತದಲ್ಲಿ ಅದು ಇಲ್ಲ, ಅಪ್ಪ ಅಮ್ಮನ ರಕ್ತದಲ್ಲಿದೆ, ಅದಕ್ಕೇ ನಾವೂ ನುಂಗುತ್ತೇವೆ" ಎಂದರೆ ಎಂಟು ವರ್ಷದ ಮಗುವಿಗೆ ಸಾಕು, ಅದರಲ್ಲಿ ಸುಳ್ಳೂ ಇಲ್ಲ. ಹೆಸರನ್ನು ಒಂದೆರಡು ವರ್ಷದಲ್ಲಿ, ಅವಳೇ ಕೇಳಿದರೆ ಇನ್ನೂ ಬೇಗ, ಸಮಾಲೋಚಕರ ಸಹಾಯದಿಂದ ಹೇಳಬಹುದು. ಯಾರಿಗೂ ಹೇಳಬಾರದ ಕೆಟ್ಟ ಗುಟ್ಟು ಎಂದು ಅವಳ ತಲೆಯಲ್ಲಿ ತುಂಬಬೇಡಿ. ಇದು ನಮ್ಮ ಮನೆಯ ಮಾತು, ಯಾರ ಬಳಿ ಆಡಬಹುದೆಂದು ನಾವು ಒಟ್ಟಿಗೆ ಯೋಚಿಸೋಣ ಎಂದರೆ ಅದೇ ಕೆಲಸವಾಗುತ್ತದೆ, ನಾಚಿಕೆ ಹುಟ್ಟುವುದಿಲ್ಲ. ಹರೆಯ ಬಂದಾಗ ಅವಳಿಗೆ ಅವಳ ವಯಸ್ಸಿನವರೇ ಬೇಕಾಗುತ್ತಾರೆ. ಜಿಂಬಾಬ್ವೆಯ ಜ್ವಾಂದಿರಿ ಎಂಬ ಕಾರ್ಯಕ್ರಮದಲ್ಲಿ ಸೋಂಕಿರುವ ಯುವಕ ಯುವತಿಯರೇ ತರಬೇತಿ ಪಡೆದು ಕಿರಿಯರನ್ನು ನೋಡಿಕೊಳ್ಳುತ್ತಾರೆ; ಅವರ ನೆರವು ಪಡೆದವರಲ್ಲಿ ಚಿಕಿತ್ಸೆ ಸೋತ ಪ್ರಮಾಣ ಗಣನೀಯವಾಗಿ ಕಡಿಮೆಯಿದ್ದುದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡುಬಂತು.

ನಿಮ್ಮ ಪತ್ರದಲ್ಲಿ ಎಲ್ಲಿಯೂ ಕಾಣದ ಒಂದು ಸಂಗತಿಯಿದೆ: ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಾಣುವಿನ ಪ್ರಮಾಣ. ಚಿಕಿತ್ಸೆ ಆರಂಭಿಸಿದ ಆರು ತಿಂಗಳಿಗೆ ಒಮ್ಮೆ, ಹನ್ನೆರಡನೆಯ ತಿಂಗಳಲ್ಲಿ ಇನ್ನೊಮ್ಮೆ ಈ ಪರೀಕ್ಷೆ ಆಗಬೇಕು. ಮೊದಲನೆಯದು ಆಗಿದೆಯೇ, ಮೂವರ ಫಲಿತಾಂಶ ಎಷ್ಟು ಎಂದು ತಮ್ಮನನ್ನು ಕೇಳಿ. ಆಗಿರದಿದ್ದರೆ ಮುಂದಿನ ಭೇಟಿಯಲ್ಲೇ ಮಾಡಿಸಲಿ. ಒಂದು ಮಿಲಿಲೀಟರ್ ರಕ್ತದಲ್ಲಿ ವೈರಾಣುವಿನ 1000 ಪ್ರತಿಗಳಿಗಿಂತ (ವರದಿಯಲ್ಲಿ ಕಾಪಿ ಎಂದಿರುತ್ತದೆ) ಹೆಚ್ಚಿದ್ದರೆ ಹೆದರಬೇಕಾಗಿಲ್ಲ, ಮೊದಲು ಮಾತ್ರೆ ಎಲ್ಲಿ ತಪ್ಪುತ್ತಿದೆ ಎಂದು ಕೂತು ಮಾತನಾಡಿ, ಸುಮಾರು ಮೂರು ತಿಂಗಳು ಸರಿಯಾಗಿ ನುಂಗಿದ ಮೇಲೆ ಪರೀಕ್ಷೆಯನ್ನು ಮತ್ತೆ ಮಾಡುತ್ತಾರೆ. ತಮ್ಮನ ಹೆಂಡತಿಯ ಮುಂದಿನ ಫಲಿತಾಂಶ ಬರುವ ಮುಂಚೆಯೇ ಆ ಐದಾರು ದಿನಗಳ ಮಾತು ಸಮಾಲೋಚಕರಿಗೆ ತಿಳಿದಿರಲಿ. ಕಾಗದದ ಮೇಲಿನ ಅಂಕಿಯಿಂದ ಗಂಡನಿಗೆ ಗೊತ್ತಾಗುವುದಕ್ಕಿಂತ ಅವಳ ಬಾಯಿಂದಲೇ ಗೊತ್ತಾಗುವುದು ಆ ಮನೆಗೆ ಒಳ್ಳೆಯದು.